ಓಡುತ್ತಿದ್ದೇನೆ, ತೂಕ ಇಳಿಯುತ್ತಿದೆ, ಇಳಿಯುವುದು ಬೇಡ. ಮನೆಯೂಟದಲ್ಲೇ ಕ್ಯಾಲೊರಿ ಹೆಚ್ಚಿಸುವುದು ಹೇಗೆ?

ಕೆರೆಏರಿ_ಓಟ (ಮೈಸೂರು)
ಎಲ್ಲರಿಗೂ ನಮಸ್ಕಾರ. ವಯಸ್ಸು 31, ಎತ್ತರ 172 ಸೆಂ.ಮೀ., ಕೂತು ಮಾಡುವ ಕೆಲಸ. ವಾರಕ್ಕೆ ಸುಮಾರು 50 ಕಿ.ಮೀ. ಓಡುತ್ತೇನೆ, ಜೊತೆಗೆ ಎರಡು ದಿನ ಜಿಮ್. ಹಾಫ್ ಮ್ಯಾರಥಾನ್‌ಗೆ ತಯಾರಿ ನಡೆದಿದೆ. ಆರು ತಿಂಗಳ ಹಿಂದೆ 62 ಕೆಜಿ ಇದ್ದವನು ಈಗ 57ಕ್ಕೆ ಬಂದಿದ್ದೇನೆ. ನನಗೆ ತೂಕ ಇಳಿಸುವ ಆಸೆ ಇರಲೇ ಇಲ್ಲ.

ಮನೆಯಲ್ಲಿ ಸಸ್ಯಾಹಾರ, ಮೊಟ್ಟೆಯೂ ಇಲ್ಲ. ಅಪ್ಪನಿಗೆ ಶುಗರ್, ಅಮ್ಮನಿಗೆ ಬಿಪಿ. ಹಾಗಾಗಿ ಅಡುಗೆಗೆ ಎಣ್ಣೆ ಕಮ್ಮಿ, ಸಿಹಿ ಅಪರೂಪ, ತೆಂಗಿನತುರಿಯನ್ನೂ ಅಳೆದು ಹಾಕುತ್ತಾರೆ. ಅವರಿಗೆ ಅದೇ ಸರಿ. ನನಗೊಬ್ಬನಿಗೆ ಬೇರೆ ಅಡುಗೆ ಮಾಡಿ ಅಂತ ಅಮ್ಮನನ್ನು ಕೇಳಲು ಮನಸ್ಸಿಲ್ಲ. ಬೆಳಿಗ್ಗೆ ಇಡ್ಲಿ ಅಥವಾ ಉಪ್ಪಿಟ್ಟು, ಮಧ್ಯಾಹ್ನ ಅನ್ನ, ಸಾರು, ಪಲ್ಯ, ಮಜ್ಜಿಗೆ. ರಾತ್ರಿ ಮುದ್ದೆ ಇಲ್ಲವೇ ಚಪಾತಿ. ಹೊಟ್ಟೆ ತುಂಬಾ ತಿನ್ನುತ್ತೇನೆ, ಇನ್ನೊಂದು ತುತ್ತು ಹೋಗುವುದಿಲ್ಲ. ಆದರೂ ಸಾಲುತ್ತಿಲ್ಲ.

ಬೇಕರಿ ತಿಂಡಿ, ಬಜ್ಜಿ ಬೋಂಡಾ ತಿಂದು ತೂಕ ಉಳಿಸಿಕೊಳ್ಳುವುದು ಬೇಡ. ಆಫೀಸಿನವರು "ನೀನು ಪುಣ್ಯವಂತ, ಏನು ತಿಂದರೂ ಮೈ ಬರಲ್ಲ" ಅನ್ನುತ್ತಾರೆ. ಸಂಜೆ ಹೊತ್ತಿಗೆ ಕಣ್ಣು ಕತ್ತಲೆ ಬರುವುದು, ರಾತ್ರಿ ನಿದ್ದೆ ಹರಿದುಹೋಗುವುದು ನನಗೆ ಮಾತ್ರ ಗೊತ್ತು. ಅನುಭವ ಇದ್ದವರು ಹೇಳಿ.

ಸೈಕಲ್_ತಮ್ಮಯ್ಯ
ಕಡಲೆಕಾಯಿ. ದಿನಕ್ಕೆ ಎರಡು ಹಿಡಿ. ಮುಗಿಯಿತು.

ಅಡುಗೆಮನೆ_ಅಕ್ಕ
ತಮ್ಮಯ್ಯನವರು ಹೇಳಿದ್ದು ಸರಿಯೇ, ಆದರೆ ಯಾಕೆ ಅಂತಲೂ ಹೇಳಬೇಕಲ್ವಾ. ಓಟದ ತಮ್ಮಾ, ನಿಮ್ಮ ಊಟದ ಪಟ್ಟಿ ಇನ್ನೊಮ್ಮೆ ನೋಡಿ. ಅದರಲ್ಲಿ ಹೆಚ್ಚಿನದು ನೀರು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇರುತ್ತದೆ. ಅದೇ ಬೆಂದು ಅನ್ನವಾದರೆ ನೂರು ಗ್ರಾಂಗೆ 130ರ ಆಸುಪಾಸು ಅಷ್ಟೇ. ಮುದ್ದೆಯೂ ಹಾಗೆಯೇ, ಹಿಟ್ಟಿಗಿಂತ ನೀರು ಜಾಸ್ತಿ. ಮೇಲೆ ತಿಳಿ ಸಾರು, ಮಜ್ಜಿಗೆ, ಸೌತೆಕಾಯಿ. ಹೊಟ್ಟೆ ಬೇಗ ತುಂಬುತ್ತದೆ, ಶಕ್ತಿ ಅಷ್ಟು ಬರುವುದಿಲ್ಲ. ಅಪ್ಪನ ಶುಗರಿಗೆ ಇದೇ ಊಟ ಒಳ್ಳೆಯದು. 50 ಕಿ.ಮೀ. ಓಡುವ ಮಗನಿಗೆ ಸಾಲದು.

ಬೇರೆ ಅಡುಗೆ ಬೇಕಿಲ್ಲ. ತಟ್ಟೆಗೆ ಬಂದ ಮೇಲೆ ಸೇರಿಸಿಕೊಳ್ಳಿ. ಇಡ್ಲಿಗೆ ಚಟ್ನಿ ಪುಡಿ, ಅದರ ಮೇಲೆ ಎರಡು ಚಮಚ ಎಳ್ಳೆಣ್ಣೆ. ಉಪ್ಪಿಟ್ಟಿಗೆ ಹುರಿದ ಕಡಲೆಬೀಜ ಒಂದು ಹಿಡಿ. ಮಜ್ಜಿಗೆ ಬದಲು ಗಟ್ಟಿ ಮೊಸರು. ಚಪಾತಿಗೆ ಹುಚ್ಚೆಳ್ಳು ಚಟ್ನಿ ಪುಡಿ. ಅಮ್ಮನಿಗೆ ಒಂದು ಪಾತ್ರೆಯೂ ಜಾಸ್ತಿ ಆಗುವುದಿಲ್ಲ.

ಲೆಕ್ಕ_ಪಕ್ಕಾ
ಸುಮ್ನೆ ಒಂದು ಲೆಕ್ಕ ಹಾಕಿದೆ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಐದು ಕೆಜಿಗೆ 38,500. ಆರು ತಿಂಗಳಿಗೆ ಹಂಚಿದರೆ ದಿನಕ್ಕೆ 210ರಷ್ಟು ಬರುತ್ತದೆ. ಅಂದರೆ ನಿಮಗೆ ಕಮ್ಮಿ ಬೀಳುತ್ತಿರುವುದು ಒಂದೂವರೆ ಹಿಡಿ ಕಡಲೆಕಾಯಿಯಷ್ಟು! ದಿನಕ್ಕೆ ಸಾವಿರ ಕ್ಯಾಲೊರಿ ಹೆಚ್ಚಿಸಬೇಕು ಅಂತ ಗಾಬರಿ ಬೇಡ.

ಪೋಷಣೆ_ಪಾಠ (ಡಯಟೀಷಿಯನ್)
@ಲೆಕ್ಕ_ಪಕ್ಕಾ, ಇಳಿದಿದ್ದೆಲ್ಲ ಕೊಬ್ಬಾಗಿದ್ದರೆ ಈ ಲೆಕ್ಕ ಸರಿ. ಸ್ನಾಯು ಕರಗಿದ್ದರೆ ಹೊಂದುವುದಿಲ್ಲ, ಯಾಕೆಂದರೆ ಸ್ನಾಯುವಿನಲ್ಲಿ ಮುಕ್ಕಾಲು ಪಾಲು ನೀರು. 62 ಕೆಜಿ ಇದ್ದ ತೆಳ್ಳಗಿನ ಮನುಷ್ಯನಿಗೆ ಕರಗಿಸಲು ಕೊಬ್ಬೇ ಎಷ್ಟಿತ್ತು? ಕಮ್ಮಿ ಬಿದ್ದಿದ್ದು ಸಣ್ಣ ಮೊತ್ತ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಅದು ಸಣ್ಣ ವಿಷಯ ಅಲ್ಲ. ಸಂಜೆ ಬಿಡುವು ಮಾಡಿಕೊಂಡು ವಿವರವಾಗಿ ಬರೆಯುತ್ತೇನೆ.

ಪಿಎಚ್‌ಸಿ_ಡಾಕ್ಟರ್
ಊಟದ ಮಾತಿಗೆ ಮುಂಚೆ ಇದನ್ನು ಹೇಳಲೇಬೇಕು. ಉದ್ದೇಶವಿಲ್ಲದೆ ಆರರಿಂದ ಹನ್ನೆರಡು ತಿಂಗಳಲ್ಲಿ ದೇಹದ ತೂಕದ 5%ಗಿಂತ ಜಾಸ್ತಿ ಇಳಿದರೆ ಒಮ್ಮೆ ಡಾಕ್ಟರ್ ಹತ್ತಿರ ತೋರಿಸಬೇಕು. ನಿಮ್ಮದು 8% ಆಗಿದೆ. ಓಟವೇ ಕಾರಣ ಇರಬಹುದು, ಬಹುಶಃ ಅದೇ. ಆದರೂ ಥೈರಾಯ್ಡ್, ಶುಗರ್, ಹಿಮೋಗ್ಲೋಬಿನ್, ಬಿ12 ನೋಡಿಸಿ. ಅಪ್ಪನಿಗೆ ಶುಗರ್ ಇದೆ ಅಂದಿರಿ, ಹಾಗಾಗಿ ಅದನ್ನಂತೂ ಬಿಡಬೇಡಿ. ಬಾಯಾರಿಕೆ, ಪದೇಪದೇ ಮೂತ್ರ, ಎದೆ ಡವಗುಟ್ಟುವುದು, ಕೈ ನಡುಕ ಇದೆಯಾ? ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ ಇದ್ದರೆ ಕಫ ಪರೀಕ್ಷೆಯೂ ಬೇಕು. ಟಿಬಿ ನಮ್ಮಲ್ಲಿ ಹೋಗಿಬಿಟ್ಟಿಲ್ಲ.

ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಈಗ 19ರ ಮೇಲೆ ಇದೆ. 55 ಕೆಜಿಯ ಕೆಳಗೆ ಇಳಿದರೆ 18.5 ದಾಟಿ ಕೆಳಗೆ, ಅಂದರೆ ಕಮ್ಮಿ ತೂಕದವರ ಸಾಲಿಗೆ ಹೋಗುತ್ತೀರಿ. ಅಲ್ಲಿವರೆಗೆ ಕಾಯಬೇಡಿ.

ಕೆರೆಏರಿ_ಓಟ
ಕೆಮ್ಮು, ಜ್ವರ ಇಲ್ಲ ಸರ್. ಬಾಯಾರಿಕೆಯೂ ಮಾಮೂಲು. ಈ ವಾರವೇ ರಕ್ತ ಪರೀಕ್ಷೆ ಮಾಡಿಸುತ್ತೇನೆ.

ಗರಡಿ_ಮಣ್ಣು (ದಾವಣಗೆರೆ)
ನಮ್ಮ ತಾತ ಪೈಲ್ವಾನರು. ಬೆಳಗಿನ ಜಾವ ಎದ್ದು ಸಾಮು ಮಾಡಿ, ಮಟ್ಟಿಗೆ ಇಳಿದು ಕುಸ್ತಿ ಆಡಿ ಬಂದರೆ ನೆನೆಸಿ ರುಬ್ಬಿದ ಬಾದಾಮಿ, ಗಟ್ಟಿ ಹಾಲು, ಹಸುವಿನ ತುಪ್ಪ. ಲೋಟಗಟ್ಟಲೆ. ಆಗ ಕ್ಯಾಲೊರಿ ಅಂದರೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ, ಆದರೆ ದುಡಿದ ಮೈಗೆ ಏನು ಕೊಡಬೇಕು ಅಂತ ಗೊತ್ತಿತ್ತು. ತುಪ್ಪ ಹಾಕಿಕೊಳ್ಳಿ ಸ್ವಾಮಿ. ಬಿಸಿ ಅನ್ನಕ್ಕೆ, ಮುದ್ದೆಗೆ, ಬೇಳೆಗೆ. ಎಣ್ಣೆ ತುಪ್ಪ ಕಂಡರೆ ಹೆದರುವ ಕಾಲ ಬಂದಿದೆ, ಅದೇ ನಿಮ್ಮ ಕಾಯಿಲೆ.

ಬೈಪಾಸ್_ನಂತರ
ಗರಡಿ ಅಣ್ಣಾ, ನಿಮ್ಮ ತಾತನ ಮೇಲೆ ಗೌರವ ಇದೆ. ಆದರೆ ಅವರು ಪಟ್ಟ ಶ್ರಮ ಬೇರೆ. ನಮ್ಮ ಮನೆಯಲ್ಲಿ ಅಣ್ಣನಿಗೂ ನನಗೂ ಐವತ್ತು ತುಂಬುವ ಮೊದಲೇ ಹೃದಯದ ತೊಂದರೆ ಬಂತು. ತುಪ್ಪದಲ್ಲಿ ಸ್ಯಾಚುರೇಟೆಡ್ ಕೊಬ್ಬು ಅರ್ಧಕ್ಕಿಂತ ಜಾಸ್ತಿ. ಓಡುವವರಿಗೆ ಕೊಲೆಸ್ಟ್ರಾಲ್ ಬರುವುದಿಲ್ಲ ಅನ್ನುವುದು ಸುಳ್ಳು. ಅದೇ ಕ್ಯಾಲೊರಿ ಕಡಲೆಕಾಯಿ, ಎಳ್ಳು, ಅಗಸೆಯಲ್ಲಿ ಸಿಗುವಾಗ ಯಾಕೆ ಲೋಟಗಟ್ಟಲೆ ತುಪ್ಪ?

ಗರಡಿ_ಮಣ್ಣು
ಲೋಟಗಟ್ಟಲೆ ತುಪ್ಪ ಅಂತ ಇವರಿಗೆ ಹೇಳಲಿಲ್ಲ. ಅದು ತಾತನ ಮಾತು. ಊಟಕ್ಕೆ ಒಂದು ಚಮಚ ಹಾಕಿಕೊಂಡರೆ ಹೃದಯ ನಿಂತುಹೋಗುವುದಿಲ್ಲ.

ಬೈಪಾಸ್_ನಂತರ
ಒಂದು ಚಮಚಕ್ಕೆ ನನ್ನ ತಕರಾರಿಲ್ಲ. ಮನೆಯಲ್ಲಿ ಶುಗರ್, ಬಿಪಿ ಎರಡೂ ಇವೆ, ಅಂದರೆ ಈ ಹುಡುಗನ ರಕ್ತದಲ್ಲೂ ಆ ಸಾಧ್ಯತೆ ಇದೆ. ತೆಳ್ಳಗಿದ್ದಾನೆ ಅಂತ ನಾಳೆಯದನ್ನು ಮರೆಯಬಾರದು. ಅಷ್ಟೇ ನನ್ನ ಮಾತು.

ಪೋಷಣೆ_ಪಾಠ (ಡಯಟೀಷಿಯನ್)
ಹೇಳಿದ ಹಾಗೆ ಬಂದೆ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪ್ರಕಾರ 65 ಕೆಜಿ ಗಂಡಸಿಗೆ ಕೂತು ಮಾಡುವ ಕೆಲಸವಾದರೆ ದಿನಕ್ಕೆ 2,110 ಕ್ಯಾಲೊರಿ, ಮಧ್ಯಮ ಶ್ರಮಕ್ಕೆ 2,710, ಭಾರೀ ಶ್ರಮಕ್ಕೆ 3,470. ಹೆಂಗಸರಿಗೆ 55 ಕೆಜಿ ಲೆಕ್ಕದಲ್ಲಿ 1,660, 2,130, 2,720. ನಿಮ್ಮ ಕೆಲಸ ಕೂತು ಮಾಡುವಂಥದ್ದು, ಆದರೆ ಮೈ ದುಡಿಯುವುದು ಮಧ್ಯಮ ಶ್ರಮದವರಂತೆ. ಮನೆಯೂಟ ಮೊದಲನೇ ಸಾಲಿನದ್ದು. ತೊಡಕು ಇರುವುದು ಅಲ್ಲೇ.

ಇನ್ನೊಂದು ಕಡೆಯಿಂದ ನೋಡೋಣ. ಓಟಕ್ಕೆ ಸುಲಭದ ಅಂದಾಜು ಇದೆ: ಒಂದು ಕಿ.ಮೀ.ಗೆ, ಒಂದು ಕೆಜಿ ತೂಕಕ್ಕೆ, ಸುಮಾರು ಒಂದು ಕ್ಯಾಲೊರಿ. 57 ಕೆಜಿಯವರು ವಾರಕ್ಕೆ 50 ಕಿ.ಮೀ. ಓಡಿದರೆ 2,850, ದಿನಕ್ಕೆ 400ರಷ್ಟು. ಕ್ರೀಡಾಪಟುಗಳ ಪೋಷಣೆಯಲ್ಲಿ ಕೇಳುವ ಪ್ರಶ್ನೆ ಏನೆಂದರೆ, ವ್ಯಾಯಾಮಕ್ಕೆ ಹೋದದ್ದನ್ನು ಕಳೆದ ಮೇಲೆ ಉಸಿರಾಟ, ಹಾರ್ಮೋನು, ಮೂಳೆ, ರೋಗನಿರೋಧಕ ಶಕ್ತಿಗೆ ಎಷ್ಟು ಉಳಿಯಿತು? ಕೊಬ್ಬು ಬಿಟ್ಟು ಉಳಿದ ಮೈತೂಕದ ಪ್ರತಿ ಕೆಜಿಗೆ 45 ಕ್ಯಾಲೊರಿ ಉಳಿದರೆ ಚೆನ್ನ. 30ಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ದೇಹ ಒಂದೊಂದೇ ಕೆಲಸ ಕಡಿಮೆ ಮಾಡುತ್ತದೆ. ನಿಮ್ಮದು ಸುಮಾರು 50 ಕೆಜಿ ಅಂತ ಇಟ್ಟುಕೊಂಡರೆ 2,250, ಜೊತೆಗೆ ಓಟದ 400. ಅಂದರೆ 2,650ರ ಹತ್ತಿರ. ಎರಡೂ ದಾರಿಯಲ್ಲಿ ಒಂದೇ ಜಾಗಕ್ಕೆ ಬಂದೆವು ನೋಡಿ.

ಹೀಗೆ ಕಮ್ಮಿ ಬೀಳುವುದರಿಂದ ಬರುವ ತೊಂದರೆಗಳನ್ನು ಒಟ್ಟಾಗಿ ರೆಡ್-ಎಸ್ ಅನ್ನುತ್ತಾರೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದರ ಬಗ್ಗೆ ಹೇಳಿಕೆ ಹೊರಡಿಸಿತು, 2023ರಲ್ಲಿ ಪರಿಷ್ಕರಿಸಿತು. ಗಂಡಸರಿಗೂ ಆಗುತ್ತದೆ. ಸುಸ್ತು, ನಿದ್ದೆ ಕೆಡುವುದು, ಪದೇಪದೇ ನೆಗಡಿ, ಸಿಡುಕು, ಎಷ್ಟು ಓಡಿದರೂ ವೇಗ ಹೆಚ್ಚದಿರುವುದು. ನಿಮಗಾಗುತ್ತಿರುವ ಕಣ್ಣು ಕತ್ತಲೆಯನ್ನೂ ಹಗುರಾಗಿ ತೆಗೆದುಕೊಳ್ಳಬೇಡಿ.

ಊಟ ಹೆಚ್ಚಿಸುವ ಕ್ರಮಕ್ಕೆ ಬಂದರೆ, ಅಕ್ಕ ಹೇಳಿದ ಮೇಲ್ಸೇರಿಕೆ ಸರಿಯಾದ ದಾರಿ. ನಾನು ಒಂದನ್ನು ಸೇರಿಸುತ್ತೇನೆ. ಜೋರು ಓಟದ ನಂತರ ಸ್ವಲ್ಪ ಹೊತ್ತು ಹಸಿವೇ ಆಗುವುದಿಲ್ಲ, ಹಸಿವಿನ ಹಾರ್ಮೋನು ಇಳಿದಿರುತ್ತದೆ. ಹಸಿವಾದಾಗ ತಿಂತೀನಿ ಅಂತ ಕಾದರೆ ಆಫೀಸಿಗೆ ಹೊರಡುವ ಹೊತ್ತಾಗುತ್ತದೆ. ಆಗ ಕುಡಿಯಿರಿ. ಒಂದು ಲೋಟ ಹಾಲು, ಒಂದು ಪಚ್ಚಬಾಳೆ, ಎರಡು ಚಮಚ ರಾಗಿ ಹುರಿಹಿಟ್ಟು, ಸ್ವಲ್ಪ ಬೆಲ್ಲ ಹಾಕಿ ಮಿಕ್ಸಿಯಲ್ಲಿ ತಿರುಗಿಸಿ. ನೀಲಿ ಪ್ಯಾಕೆಟ್ ನಂದಿನಿಯಲ್ಲಿ 3% ಕೊಬ್ಬು, ಸಮೃದ್ಧಿಯಲ್ಲಿ 6%. ನಿಮಗೆ ಮಾತ್ರ ಒಂದು ಅರ್ಧ ಲೀಟರ್ ಸಮೃದ್ಧಿ ತಂದುಕೊಳ್ಳಿ. ಕೊಲೆಸ್ಟ್ರಾಲ್ ಪರೀಕ್ಷೆಯಲ್ಲಿ ಜಾಸ್ತಿ ಬಂದರೆ ಮತ್ತೆ ನೀಲಿಗೆ ಬನ್ನಿ.

ಟ್ರ್ಯಾಕ್_ಧಾರವಾಡ
ಪೋಷಣೆ ಮೇಡಂ ಬರೆದಿದ್ದು ಓದಿ ಮನಸ್ಸು ತಡೆಯಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ 3,000 ಮೀಟರ್ ಓಡುತ್ತಿದ್ದೆ. ಹಗುರ ಇದ್ದರೆ ವೇಗ ಜಾಸ್ತಿ ಅಂತ ನಮ್ಮ ತರಬೇತುದಾರರು ದಿನಾ ಹೇಳುತ್ತಿದ್ದರು. ರೊಟ್ಟಿ ಲೆಕ್ಕ ಹಾಕಿ ತಿನ್ನಿಸುತ್ತಿದ್ದರು. ಮುಟ್ಟು ನಿಂತಿತು. ಜೋರಾಗಿ ಓಡುವ ಹುಡುಗಿಯರಿಗೆ ಇದು ಮಾಮೂಲು ಅಂತ ಸಮಾಧಾನ ಹೇಳಿದರು. ಆಮೇಲೆ ಮೊಣಕಾಲ ಕೆಳಗಿನ ಮೂಳೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ ಆಯಿತು. ಬೀಳಲಿಲ್ಲ, ಪೆಟ್ಟಾಗಲಿಲ್ಲ, ಸುಮ್ನೆ ಓಡುತ್ತಲೇ ಮೂಳೆ ಬಿರುಕು ಬಿಟ್ಟಿತು.

ಮುಟ್ಟು ನಿಲ್ಲುವುದು ಮಾಮೂಲು ಅಲ್ಲ ಅಕ್ಕತಂಗಿಯರೇ. ಮೈ ಈಸ್ಟ್ರೊಜನ್ ತಯಾರಿಸುವುದನ್ನು ಕಮ್ಮಿ ಮಾಡಿದೆ, ಮೂಳೆಗೆ ಕಾವಲು ಇಲ್ಲ ಅಂತ ಅರ್ಥ. ನಿಮ್ಮ ಮಗಳು ಓಡುತ್ತಿದ್ದರೆ, ಈಜುತ್ತಿದ್ದರೆ, ಭರತನಾಟ್ಯ ಮಾಡುತ್ತಿದ್ದರೆ ಪದಕ ಕೇಳುವ ಮೊದಲು ಇದನ್ನು ಕೇಳಿ.

ಅಡುಗೆಮನೆ_ಅಕ್ಕ
ಓದಿ ಹೊಟ್ಟೆ ಉರಿಯಿತು ತಂಗಿ. ಈಗ ಹೇಗಿದ್ದೀರಿ?

ಟ್ರ್ಯಾಕ್_ಧಾರವಾಡ
ಚೆನ್ನಾಗಿದ್ದೇನೆ ಅಕ್ಕಾ. ಊಟ ಸರಿ ಮಾಡಿದ ಮೇಲೆ ಮುಟ್ಟು ಮರಳಿತು. ಈಗ ಹೈಸ್ಕೂಲು ಹುಡುಗಿಯರಿಗೆ ಓಟ ಹೇಳಿಕೊಡುತ್ತೇನೆ. ಮೊದಲು ಶೇಂಗಾ ಉಂಡಿ ಡಬ್ಬಿ ತೆಗೆಯುತ್ತೇನೆ, ಆಮೇಲೆ ಸೀಟಿ.

ಪಿಜಿ_ವಾಸಿ
ಮನೆಯವರ ಮಾತು ಸರಿ, ಪಿಜಿಯಲ್ಲಿ ಇರುವವರು ಏನು ಮಾಡಬೇಕು? ಬೆಂಗಳೂರಿನಲ್ಲಿ ಇದ್ದೇನೆ, ವಯಸ್ಸು 20, ಜಿಮ್ ಮಾಡುತ್ತೇನೆ. ರೂಮಿನಲ್ಲಿ ಸ್ಟೌವ್ ಇಡಲು ಬಿಡುವುದಿಲ್ಲ. ತಿಂಗಳ ಕೊನೆಗೆ ಕೈಯಲ್ಲಿ ದುಡ್ಡೂ ಇರುವುದಿಲ್ಲ. ಬಾದಾಮಿ, ವಾಲ್‌ನಟ್ ಅಂದರೆ ನನ್ನ ಕೈಗೆ ಎಟುಕುವುದಿಲ್ಲ.

ಸೈಕಲ್_ತಮ್ಮಯ್ಯ
ಪುಟ್ಟಾ, ಬಾದಾಮಿ ಬಿಡು. ರಾತ್ರಿ ಒಂದು ಹಿಡಿ ಹಸಿ ಕಡಲೆಬೀಜ ನೆನೆಹಾಕು, ಬೆಳಿಗ್ಗೆ ಬೆಲ್ಲದ ಜೊತೆ ತಿನ್ನು. 30 ಗ್ರಾಂ ಕಡಲೆಬೀಜದಲ್ಲಿ ಸುಮಾರು 165 ಕ್ಯಾಲೊರಿ, 7 ಗ್ರಾಂ ಪ್ರೋಟೀನ್. ಹುರಿಗಡಲೆ ಒಂದು ಡಬ್ಬಿ ತುಂಬಿಸಿಡು, ಅದಕ್ಕೆ ಒಲೆ ಬೇಡ, ಫ್ರಿಜ್ ಬೇಡ. ಪಿಜಿ ಊಟಕ್ಕೆ ಒಂದು ಕಪ್ ಮೊಸರು ಸೇರಿಸು. ಮೊಟ್ಟೆ ತಿನ್ನುವವನಾದರೆ ಬೇಯಿಸಿದ ಮೊಟ್ಟೆ ರಸ್ತೆ ಬದಿಯಲ್ಲೇ ಸಿಗುತ್ತದೆ, ಒಂದಕ್ಕೆ 70 ಕ್ಯಾಲೊರಿ, 6 ಗ್ರಾಂ ಪ್ರೋಟೀನ್. ಅವಲಕ್ಕಿ ತೊಳೆದು ಮೊಸರು, ಬಾಳೆಹಣ್ಣು, ಬೆಲ್ಲ ಕಲಸಿದರೆ ಒಂದು ಹೊತ್ತಿನ ತಿಂಡಿ ಆಯಿತು. ಅದಕ್ಕೂ ಒಲೆ ಬೇಡ.

ನಾವು 200 ಕಿ.ಮೀ. ಬ್ರೆವೆಗೆ (ಗಡುವಿನೊಳಗೆ ಮುಗಿಸುವ ದೂರದ ಸೈಕಲ್ ಸವಾರಿ) ಹೋಗುವಾಗ ಜೇಬಿನಲ್ಲಿ ಚಿಕ್ಕಿ, ಬಾಳೆಹಣ್ಣು, ಒಬ್ಬಟ್ಟು ಇಟ್ಟುಕೊಳ್ಳುತ್ತೇವೆ. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ದಾರಿಯಲ್ಲಿ ತಿನ್ನದೇ ಇದ್ದರೆ ಕಾಲು ಕೈಕೊಡುತ್ತದೆ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಹೊಟ್ಟೆಗೆ ಬೀಳಬೇಕು. ಜೆಲ್ ಪ್ಯಾಕೆಟ್‌ಗೆ ದುಡ್ಡು ಸುರಿಯುವುದಕ್ಕಿಂತ ಹೋಳಿಗೆ ವಾಸಿ.

ಜಿಮ್_ಗುರು_ಹಾಸನ
ಎಲ್ಲರೂ ಕಡಲೆಕಾಯಿ ಅಂತಿದ್ದೀರಿ. ಕೆಲಸ ಮಾಡುವವನಿಗೆ ಅಷ್ಟೆಲ್ಲ ಅಗಿಯಲು ಟೈಮ್ ಎಲ್ಲಿದೆ? ಒಂದು ಡಬ್ಬಿ ಮಾಸ್ ಗೇನರ್ ತಂದುಕೊಳ್ಳಿ. ಎರಡು ಸ್ಕೂಪ್ ಹಾಕಿ ಕುಡಿದರೆ ಸಾವಿರದ ಹತ್ತಿರ ಕ್ಯಾಲೊರಿ. ಇಷ್ಟುದ್ದ ಚರ್ಚೆಯೇ ಬೇಡ.

ಪೋಷಣೆ_ಪಾಠ (ಡಯಟೀಷಿಯನ್)
ಡಬ್ಬಿ ಹಿಂದೆ ತಿರುಗಿಸಿ ಓದಿ ಸರ್. ಹೆಚ್ಚಿನ ಮಾಸ್ ಗೇನರ್‌ಗಳಲ್ಲಿ ಮೊದಲ ಹೆಸರು ಮಾಲ್ಟೊಡೆಕ್ಸ್‌ಟ್ರಿನ್. ಅದು ಪಿಷ್ಟದಿಂದ ತೆಗೆದ ಪುಡಿ, ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಇಳಿಯುತ್ತದೆ. ಅಪ್ಪನಿಗೆ ಶುಗರ್ ಇರುವ ಹುಡುಗನಿಗೆ ಇದನ್ನೇ ದಿನಾ ಎರಡು ಸ್ಕೂಪ್ ಕುಡಿ ಅಂತ ನಾನು ಹೇಳಲಾರೆ. 2024ರ ಮೇ ತಿಂಗಳಲ್ಲಿ ಬಂದ ಐಸಿಎಂಆರ್ ಆಹಾರ ಮಾರ್ಗಸೂಚಿಯೂ ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಅಂತಲೇ ಹೇಳಿದೆ.

ಜಿಮ್_ಗುರು_ಹಾಸನ
ಗೇನರ್ ಬಿಡಿ, ಒಪ್ಪುತ್ತೇನೆ. ಆದರೆ ವೇ ಪ್ರೋಟೀನ್ ಅಂದರೆ ಹಾಲಿನ ಪ್ರೋಟೀನೇ ಅಲ್ವಾ? ಗಿಣ್ಣು, ಪನೀರ್ ತಿಂದರೆ ಒಳ್ಳೆಯದು, ಅದೇ ಹಾಲಿನಿಂದ ಬಂದ ಪುಡಿ ಕೆಟ್ಟದ್ದು ಅಂದರೆ ಹೇಗೆ? ಸಸ್ಯಾಹಾರಿ ಹುಡುಗರಿಗೆ ಪ್ರೋಟೀನ್ ಸಾಲದು, ನಾನು ದಿನಾ ಕಣ್ಣಾರೆ ನೋಡುತ್ತೇನೆ. ಅನ್ನ ಸಾರು ತಿಂದು ಬಂದು ಡಂಬೆಲ್ ಎತ್ತುತ್ತಾರೆ.

ಪೋಷಣೆ_ಪಾಠ (ಡಯಟೀಷಿಯನ್)
ಕೆಟ್ಟದ್ದು ಅಂತ ನಾನೂ ಹೇಳುವುದಿಲ್ಲ. ನಂಬಿಕೆಯ ಕಡೆಯಿಂದ ತಂದರೆ ಒಂದು ಅನುಕೂಲ ಅಷ್ಟೇ, ಅನಿವಾರ್ಯ ಅಲ್ಲ. ಸಾಮಾನ್ಯ ಜನರಿಗೆ ಕೆಜಿಗೆ 0.83 ಗ್ರಾಂ ಪ್ರೋಟೀನ್ ಸಾಕು. ಕ್ರೀಡಾಪಟುಗಳಿಗೆ 1.2ರಿಂದ 2 ಗ್ರಾಂ. 57 ಕೆಜಿಗೆ 1.6ರಂತೆ ಹಿಡಿದರೆ 91 ಗ್ರಾಂ. ಬರೀ ಮನೆಯೂಟದಲ್ಲಿ ಕೂಡಿಸಿ ನೋಡೋಣ: ಅರ್ಧ ಲೀಟರ್ ಹಾಲಿನಲ್ಲಿ 16, ಕಾಲು ಕೆಜಿ ಮೊಸರಲ್ಲಿ 8, ಐವತ್ತು ಗ್ರಾಂ ಕಡಲೆಬೀಜದಲ್ಲಿ 12, ಅರವತ್ತು ಗ್ರಾಂ ಒಣ ಹುರುಳಿ, ಅವರೆ ಅಥವಾ ಹೆಸರುಕಾಳಿನಲ್ಲಿ 13, ಮೂವತ್ತು ಗ್ರಾಂ ಸೋಯಾ ಚಂಕ್ಸ್‌ನಲ್ಲಿ 15. ಇಷ್ಟಕ್ಕೇ 64. ಉಳಿದದ್ದು ದಿನವಿಡೀ ತಿನ್ನುವ ಅಕ್ಕಿ, ರಾಗಿ, ಗೋಧಿ, ಬೇಳೆಯಿಂದ ಬಂದೇ ಬರುತ್ತದೆ.

ಆದರೆ ನಿಮ್ಮ ಒಂದು ಮಾತು ನೂರಕ್ಕೆ ನೂರು ನಿಜ. ಬರೀ ತಿಳಿ ಸಾರಿನಲ್ಲಿ ಬೇಳೆ ಎಷ್ಟಿರುತ್ತದೆ? ಕಾಳು ತಟ್ಟೆಯಲ್ಲಿ ಕಣ್ಣಿಗೆ ಕಾಣಬೇಕು.

ಕಡಲ_ತಡಿ (ಕುಂದಾಪುರ)
ನಮ್ಮಲ್ಲಿ ದೋಣಿಗೆ ಹೋಗುವವರು ಕುಚ್ಚಲಕ್ಕಿ ಗಂಜಿ, ಬೂತಾಯಿ ಸುಕ್ಕ, ಕಾಯಿ ಚಟ್ನಿ ತಿನ್ನುತ್ತಾರೆ. ಬೂತಾಯಿ, ಬಂಗುಡೆಯಲ್ಲಿ ಪ್ರೋಟೀನೂ ಇದೆ, ಒಮೆಗಾ-3 ಕೂಡ ಇದೆ. ಮೀನು ತಿಂದರೆ ಈ ಸಮಸ್ಯೆ ಅರ್ಧ ಪರಿಹಾರ.

ಅಡುಗೆಮನೆ_ಅಕ್ಕ
ಅವರು ಮೊಟ್ಟೆಯನ್ನೂ ತಿನ್ನುವುದಿಲ್ಲ ಅಂತ ಮೇಲೆಯೇ ಬರೆದಿದ್ದಾರೆ.

ಕಡಲ_ತಡಿ (ಕುಂದಾಪುರ)
ಹಾಗಾದರೆ ಬಾಳೆಹಣ್ಣಿನ ರಸಾಯನ ಮಾಡಿಕೊಳ್ಳಿ. ಹಣ್ಣು ಕಿವುಚಿ, ಗಟ್ಟಿ ಕಾಯಿಹಾಲು, ಬೆಲ್ಲ, ಎಳ್ಳು, ಏಲಕ್ಕಿ. ಅವಲಕ್ಕಿ ಹಾಕಿದರೆ ಇನ್ನೂ ಒಳ್ಳೆಯದು. ಭಾನುವಾರ ದೂರ ಓಡಿ ಬಂದವರಿಗೆ ತಂಪಾಗಿ ಒಳಗೆ ಇಳಿಯುತ್ತದೆ. ಅಪ್ಪನ ಎದುರಿಗೆ ಕೂತು ತಿನ್ನಬೇಡಿ, ಪಾಪ, ಶುಗರ್ ಇರುವವರಿಗೆ ಆಸೆ ತಡೆಯುವುದು ಕಷ್ಟ.

ಟೊರಾಂಟೊ_ಶಾರದೆ
ಇಲ್ಲಿನ ಚಳಿಯಲ್ಲಿ ಓಡುವವಳು ನಾನು. ನಮ್ಮ ಮನೆಯಲ್ಲೂ ಇದೇ ಕಥೆ, ಆದರೆ ಗಂಡನಿಗೆ. ಆನ್‌ಲೈನ್‌ನಲ್ಲಿ ಆರೋಗ್ಯಕರ ಊಟ ಅಂತ ಹುಡುಕಿದರೆ ಬರುವುದೆಲ್ಲ ತೂಕ ಇಳಿಸುವವರಿಗೆ ಬರೆದದ್ದು. ತಟ್ಟೆ ತುಂಬ ಸಲಾಡ್, ಅನ್ನ ಕಮ್ಮಿ, ಎಣ್ಣೆ ಬೇಡ, ರಾತ್ರಿ ಏಳರ ನಂತರ ತಿನ್ನಬೇಡಿ. ಬೆಳಿಗ್ಗೆ ಓಡಿ, ಸಂಜೆ ಏಳರಿಂದ ಮರುದಿನ ಹನ್ನೊಂದರವರೆಗೆ ಉಪವಾಸ ಇದ್ದರೆ ಮೈಯಲ್ಲಿ ಏನು ಉಳಿಯುತ್ತದೆ? ನಾವು ಇಂಡಿಯನ್ ಸ್ಟೋರಿನ ರಾಗಿ ಹಿಟ್ಟು, ಇಲ್ಲಿನ ಪೀನಟ್ ಬಟರ್, ಓಟ್ಸ್ ಸೇರಿಸಿ ಮಲಗುವ ಮುಂಚೆ ಒಂದು ಬಟ್ಟಲು ಕುಡಿಯುತ್ತೇವೆ. ಪೀನಟ್ ಬಟರ್ ಕೊಳ್ಳುವಾಗ ಬರೀ ಕಡಲೆಕಾಯಿ, ಉಪ್ಪು ಇರುವುದನ್ನು ನೋಡಿ.

ಲೆಕ್ಕ_ಪಕ್ಕಾ
ಒಂದು ಸಂದೇಹ. ನನ್ನ ಸ್ಮಾರ್ಟ್‌ವಾಚ್ 10 ಕಿ.ಮೀ.ಗೆ 900 ಕ್ಯಾಲೊರಿ ತೋರಿಸುತ್ತದೆ, ನನ್ನ ತೂಕ 66. ಮೇಡಂ ಲೆಕ್ಕದಲ್ಲಿ 660 ಬರುತ್ತದೆ. ಯಾವುದನ್ನು ನಂಬಲಿ?

ಸೈಕಲ್_ತಮ್ಮಯ್ಯ
ವಾಚ್ ನಂಬಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ಸಾಧನ ಪರೀಕ್ಷೆ ಮಾಡಿದರು. ಹೃದಯ ಬಡಿತವನ್ನು ಬಹುಪಾಲು ಸಾಧನಗಳು ಚೆನ್ನಾಗಿ ಹಿಡಿದವು. ಕ್ಯಾಲೊರಿ ವಿಷಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದೂ ಸರಾಸರಿ 27% ತಪ್ಪು ತೋರಿಸಿತು.

ಪೋಷಣೆ_ಪಾಠ (ಡಯಟೀಷಿಯನ್)
ಹೌದು. ವಾಚ್‌ಗಿಂತ ತಕ್ಕಡಿ ನಂಬಿ, ಅದನ್ನೂ ಒಂದು ದಿನದ ಮೇಲೆ ನಂಬಬೇಡಿ. ಮೈಯಲ್ಲಿ ಶೇಖರವಾಗುವ ಒಂದು ಗ್ರಾಂ ಗ್ಲೈಕೊಜನ್ (ಕೂಡಿಟ್ಟ ಸಕ್ಕರೆ) ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ದೂರದ ಓಟದ ಮರುದಿನ ಒಂದು ಕೆಜಿ ಇಳಿದಿದ್ದರೆ ಅದು ಬಹುಪಾಲು ನೀರು. ಬೆಳಿಗ್ಗೆ ಎದ್ದು ಶೌಚ ಮುಗಿಸಿ ತೂಗಿ, ವಾರದ ಸರಾಸರಿ ಬರೆದಿಡಿ. ಎರಡು ಮೂರು ವಾರ ಸರಾಸರಿ ಇಳಿಯುತ್ತಲೇ ಇದ್ದರೆ ದಿನಕ್ಕೆ ಇನ್ನೊಂದು 200 ಕ್ಯಾಲೊರಿ ಸೇರಿಸಿ.

ಕೆರೆಏರಿ_ಓಟ
ಪರೀಕ್ಷೆ ಫಲಿತಾಂಶ ಬಂತು. ಥೈರಾಯ್ಡ್ ಸರಿ ಇದೆ, ಶುಗರ್ ಇಲ್ಲ, ಕೊಲೆಸ್ಟ್ರಾಲ್ ಕೂಡ ಸರಿ. ಬಿ12 ಮಾತ್ರ ಕೆಳಗಿದೆ. ಹಿಮೋಗ್ಲೋಬಿನ್ ಅಂಚಿನಲ್ಲಿದೆ. ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ.

ತಟ್ಟೆ ಮೇಲೆ ಸೇರಿಸಿಕೊಳ್ಳುವುದನ್ನು ಶುರು ಮಾಡಿದೆ. ಓಟದ ನಂತರ ಹುರಿಹಿಟ್ಟಿನ ಹಾಲು, ಹನ್ನೊಂದಕ್ಕೆ ಕಡಲೆಬೀಜ, ಊಟಕ್ಕೆ ಎಳ್ಳೆಣ್ಣೆ ಚಟ್ನಿ ಪುಡಿ. ಅಮ್ಮನೇ ಕಾಳಿನ ಪಲ್ಯ ಜಾಸ್ತಿ ಮಾಡುತ್ತಿದ್ದಾರೆ, ಅಪ್ಪನಿಗೂ ಅದು ಒಳ್ಳೆಯದಂತೆ. ಸಂಜೆಯ ಕಣ್ಣು ಕತ್ತಲೆ ಕಮ್ಮಿ ಆಗಿದೆ. ತೂಕದ ಬಗ್ಗೆ ಈಗಲೇ ಏನೂ ಹೇಳಲಾಗದು. ಒಂದು ಪ್ರಶ್ನೆ: ಜಾಸ್ತಿ ತಿಂದ ದಿನ ಸಂಜೆ ಹೊಟ್ಟೆ ಉಬ್ಬರ. ಏನು ಮಾಡಲಿ?

ಪಿಎಚ್‌ಸಿ_ಡಾಕ್ಟರ್
ಬಿ12 ಸಸ್ಯಾಹಾರಿಗಳಲ್ಲಿ ತುಂಬಾ ಸಾಮಾನ್ಯ, ಹೇಳಿದಷ್ಟು ದಿನ ಮಾತ್ರೆ ಬಿಡಬೇಡಿ. ಊಟದ ಜೊತೆಗೇ ಕಾಫಿ, ಟೀ ಕುಡಿಯುವ ಅಭ್ಯಾಸ ಇದ್ದರೆ ಒಂದು ಗಂಟೆ ಆಚೆಗೆ ತಳ್ಳಿ, ಅವು ಕಬ್ಬಿಣದ ಅಂಶ ಹೀರಿಕೊಳ್ಳಲು ಬಿಡುವುದಿಲ್ಲ. ಕಾಳು, ಸೊಪ್ಪಿನ ಮೇಲೆ ನಿಂಬೆಹಣ್ಣು ಹಿಂಡಿ.

ಅಡುಗೆಮನೆ_ಅಕ್ಕ
ಉಬ್ಬರಕ್ಕೆ: ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ ಬೇಯಿಸಲು ಹೇಳಿ. ಇಂಗು, ಜೀರಿಗೆ, ಶುಂಠಿ ಇರಲಿ. ಎಲ್ಲವನ್ನೂ ಒಂದೇ ವಾರದಲ್ಲಿ ಹೆಚ್ಚಿಸಬೇಡಿ. ಹೊಟ್ಟೆಗೂ ಅಭ್ಯಾಸ ಆಗಬೇಕು.

ಜೆಎಲ್‌ಬಿ_ರಸ್ತೆ
ಮೈಸೂರಿನವರಾಗಿ ಇದನ್ನು ಹೇಳದೇ ಇರಲಾರೆ. ನಮ್ಮೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಶುರುವಾಯಿತು. ಅಪೌಷ್ಟಿಕತೆ ನೀಗಿಸಲು ಅವರು ರೂಪಿಸಿದ ಬಹೂಪಯೋಗಿ ಆಹಾರದಲ್ಲಿ ಮುಖ್ಯವಾಗಿ ಇದ್ದದ್ದು ಕಡಲೆಕಾಯಿ ಹಿಟ್ಟು ಮತ್ತು ಕಡಲೆ ಹಿಟ್ಟು! ಸೈನಿಕರಿಗೆ ಆಹಾರ ರೂಪಿಸಿದ ರಕ್ಷಣಾ ಪ್ರಯೋಗಾಲಯ ಡಿಎಫ್‌ಆರ್‌ಎಲ್ ಕೂಡ ನಮ್ಮೂರಿನದೇ. ಗಡಿಯಲ್ಲಿ ಬೆನ್ನ ಮೇಲೆ ಹೊತ್ತು ಹತ್ತುವವರಿಗೆ ತೂಕ ಕಮ್ಮಿ, ಶಕ್ತಿ ಜಾಸ್ತಿ ಇರುವ ಊಟವೇ ಬೇಕಲ್ವಾ. ತಮ್ಮಯ್ಯನವರ ಮೊದಲ ಉತ್ತರಕ್ಕೆ ವಿಜ್ಞಾನಿಗಳ ಬೆಂಬಲವೂ ಇದೆ.

ಬೈಪಾಸ್_ನಂತರ
ಒಳ್ಳೆಯ ಮಾಹಿತಿ. ಕಡಲೆಕಾಯಿ ಕೊಳ್ಳುವಾಗ ಒಂದು ಎಚ್ಚರ. ಬೂಸ್ಟು ಹಿಡಿದದ್ದು, ಕಪ್ಪಾದದ್ದು, ಸುಕ್ಕುಗಟ್ಟಿದ್ದು ಆರಿಸಿ ಬಿಸಾಡಿ. ಆ ಬೂಸ್ಟಿನ ಅಫ್ಲಾಟಾಕ್ಸಿನ್ ಲಿವರಿಗೆ ವಿಷ. ಹುರಿದರೂ ಪೂರ್ತಿ ಹೋಗುವುದಿಲ್ಲ.

ಜವಾರಿ_ಬಾಗಲಕೋಟೆ
ಇಷ್ಟೆಲ್ಲ ಮಾತಾಡಿದಿರಿ, ಯಾರೂ ಕರದಂಟು ಅನ್ನಲಿಲ್ಲ! ಅಮೀನಗಡ, ಗೋಕಾಕದ ಕರದಂಟು ಅಂದರೆ ಅಂಟು, ಒಣ ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಬೆಲ್ಲ. ಬಾಣಂತಿಯರಿಗೆ, ಪೈಲ್ವಾನರಿಗೆ ನಮ್ಮ ಕಡೆ ಇದನ್ನೇ ಕೊಡುವುದು. ಒಣ ಕೊಬ್ಬರಿಯೊಂದೇ ನೂರು ಗ್ರಾಂಗೆ 600 ಕ್ಯಾಲೊರಿ ಮೀರುತ್ತದೆ. ಸಂಜೆ ಆಫೀಸಿನಲ್ಲಿ ಒಂದು ತುಂಡು ಸಾಕು.

ಗರಡಿ_ಮಣ್ಣು (ದಾವಣಗೆರೆ)
ಅಣ್ಣಾ, ಕೊನೆಗೂ ನನ್ನ ಪರ ಒಬ್ಬರು ಬಂದಿರಿ.

ಟೊರಾಂಟೊ_ಶಾರದೆ
ಇಲ್ಲಿ ಕರದಂಟು ಸಿಗುವುದಿಲ್ಲ. ಅಂಟಿನ ಉಂಡೆ ಮನೆಯಲ್ಲಿ ಮಾಡಿದರೆ ಅಂಟು ಹಲ್ಲಿಗೆ ಹಿಡಿಯುತ್ತದೆ. ಯಾಕೆ?

ಜವಾರಿ_ಬಾಗಲಕೋಟೆ
ಅಕ್ಕಾ, ಅಂಟು ಒಳಗೆ ಹಸಿ ಉಳಿದಿರುತ್ತದೆ. ದಪ್ಪ ತುಂಡುಗಳನ್ನು ಮೊದಲು ಕುಟ್ಟಿ ಸಣ್ಣ ಮಾಡಿ. ಹದ ಉರಿಯಲ್ಲಿ ತುಪ್ಪಕ್ಕೆ ಸ್ವಲ್ಪ ಸ್ವಲ್ಪವೇ ಹಾಕಿ ಪೂರ್ತಿ ಅರಳಲು ಬಿಡಿ. ಉರಿ ಜೋರಾದರೆ ಹೊರಗೆ ಕೆಂಪಾಗಿ ನಡುವೆ ಗಟ್ಟಿ ಉಳಿಯುತ್ತದೆ. ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು.

ಟ್ರ್ಯಾಕ್_ಧಾರವಾಡ
ಬೆಲ್ಲದ ಪಾಕವೂ ಏರಬಾರದು. ಕರಗಿ ಒಂದು ಕುದಿ ಬಂದರೆ ಸಾಕು, ಎಳೆ ಬರುವವರೆಗೆ ಬಿಟ್ಟರೆ ಉಂಡಿ ಕಲ್ಲಾಗುತ್ತದೆ. ನಮ್ಮ ಹುಡುಗಿಯರಿಗೆ ನಾನು ನಿಂಬೆ ಗಾತ್ರದಲ್ಲಿ ಕಟ್ಟುತ್ತೇನೆ. ಓಟಕ್ಕೆ ಒಂದು ಗಂಟೆ ಮೊದಲು ಒಂದು, ಮುಗಿದ ಕೂಡಲೇ ಹಾಲಿನ ಜೊತೆ ಇನ್ನೊಂದು. ಓಡುವಾಗ ಮಾತ್ರ ಕೊಡುವುದಿಲ್ಲ. ಕೊಬ್ಬು ಜಾಸ್ತಿ ಇರುವುದರಿಂದ ನಿಧಾನ ಜೀರ್ಣ, ಹೊಟ್ಟೆ ಹಿಡಿಯುತ್ತದೆ. ಆಗ ಬಾಳೆಹಣ್ಣೇ ಸರಿ.

ಪಿಜಿ_ವಾಸಿ
ಬೆಂಗಳೂರಿನಲ್ಲಿ ಒಳ್ಳೆಯ ಕರದಂಟು ಎಲ್ಲಿ ಸಿಗುತ್ತದೆ?

ಜವಾರಿ_ಬಾಗಲಕೋಟೆ
ಉತ್ತರ ಕರ್ನಾಟಕದ ರೊಟ್ಟಿ ಚಟ್ನಿ ಪುಡಿ ಮಾರುವ ಯಾವ ಅಂಗಡಿಯಲ್ಲಾದರೂ ಕೇಳು ತಮ್ಮಾ. ಕೊಳ್ಳುವ ಮೊದಲು ವಾಸನೆ ನೋಡು. ಕೊಬ್ಬರಿ ಕಮಟಿದ್ದರೆ ಬೇಡ ಅನ್ನು.